ಬೂತಾಯಿಗೆ ಡಬ್ಬಿಯೋಗ

ಕರಾವಳಿಯವರ ಮನೆಯಲ್ಲಿ ಮೀನಿನ ಡಬ್ಬಿ ಹೊರಗೆ ತೆಗೆಯುವುದಕ್ಕೆ ಗುಂಡಿಗೆ ಬೇಕು. ನೆಂಟರು ಬಂದಾಗ ಹೋಟೆಲಿನಿಂದ ಸಾಂಬಾರು ತರಿಸಿದರೂ ಕ್ಷಮೆಯುಂಟು, ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೂ ಕ್ಷಮೆಯುಂಟು, ಡಬ್ಬಿ ಮೀನಿಗೆ ಮಾತ್ರ ಇಲ್ಲ. ನಮ್ಮಲ್ಲಿ ಮೀನು ತಿನ್ನುವ ಮೊದಲು ಅದರ ವಿಚಾರಣೆ ನಡೆಯಬೇಕು. ಕಿವಿರು ಎತ್ತಿ ಬಣ್ಣ ನೋಡಬೇಕು, ಕಣ್ಣು ಮಂಜಾಗಿದೆಯೋ ಎಂದು ಬಗ್ಗಿ ನೋಡಬೇಕು, ಹೊಟ್ಟೆ ಒತ್ತಿ ನೋಡಬೇಕು. ಇಷ್ಟೆಲ್ಲ ಆದಮೇಲೆ "ಇದು ನಿನ್ನೆಯದ್ದಲ್ವಾ ಅಕ್ಕಾ?" ಎಂದು ಮೀನು ಮಾರುವವಳನ್ನು ಕೆಣಕಬೇಕು. "ನಿನ್ನೆಯದ್ದು ನಿಮ್ಮ ಮೋರೆ, ಮೀನು ಇವತ್ತಿನದ್ದೇ" ಎಂದು ಅವಳು ತಿರುಗಿ ಕೊಡಬೇಕು. ಈ ಮಂಗಳಾಚರಣೆ ಆಗದೆ ಬಂಗುಡೆಗೆ ರುಚಿ ಹತ್ತುವುದಿಲ್ಲ. ಡಬ್ಬಿಯಲ್ಲಿ ಬಂದದ್ದಕ್ಕೆ ತಲೆಯೇ ಇಲ್ಲ, ಕಿವಿರು ಎಲ್ಲಿಂದ ಎತ್ತುವುದು? ಮೇಲೆ ಬೆಲೆ ಅಚ್ಚಾಗಿದೆ, ಚೌಕಾಸಿ ಯಾರ ಹತ್ತಿರ ಮಾಡುವುದು?

ಭಾವ ದುಬೈಯಿಂದ ಬರುವಾಗ ಖರ್ಜೂರ, ಟ್ಯಾಂಗ್, ಕೊಡಲಿ ಮಾರ್ಕಿನ ಎಣ್ಣೆ ತರುವುದನ್ನು ಬಿಟ್ಟು ಈಚೆಗೆ ಪೋರ್ಚುಗಲ್ಲಿನ ಮೀನಿನ ಡಬ್ಬಿ ತರುತ್ತಾರೆ. ಸೋದರತ್ತೆ ಅದರಲ್ಲೊಂದನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲುಗಿಸಿ ನೋಡಿದರು.

"ಇದು ಎಂತದಾ?"

"ಬೂತಾಯಿಯ ಜಾತಿಯದ್ದೇ ಅತ್ತೆ, ಪೋರ್ಚುಗಲ್ಲಿದ್ದು."

"ಯಾವಾಗ ಹಿಡಿದದ್ದು?"

"ಎರಡು ವರ್ಷ ಆಗಿರಬಹುದು."

"ಎರಡು ವರ್ಷವಾ! ಹಾಗಾದರೆ ಅದಕ್ಕೆ ಎರಡು ವರ್ಷಾಂತಿಕ ಕಳೆಯಿತಲ್ಲ ಮಾರಾಯ. ಇನ್ನು ತಿನ್ನುವುದಲ್ಲ, ಎಲೆಯಲ್ಲಿ ಬಡಿಸಿ ಕಾಗೆ ಕರೆಯುವುದು."

ಹೇಳುವವರು ಯಾರು ನೋಡಿ. ಇದೇ ಅತ್ತೆಯ ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯೊಂದಿದೆ. ಅದರೊಳಗೆ ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿದ ನುಂಗೆಲ್ ಮೀನು, ಒಣ ಸಿಗಡಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವ ಹಾಗಿಲ್ಲ. ಆ 61 ದಿನ ಮನೆಯ ಮಾನ ಕಾಯುವುದು ಅಟ್ಟದ ಆ ಡಬ್ಬಿಯೇ. ಅತ್ತೆಗೆ ಡಬ್ಬಿ ಮೀನಿನ ಮೇಲೆ ಸಿಟ್ಟಿಲ್ಲ, ಬೇರೆಯವರ ಡಬ್ಬಿ ಮೀನಿನ ಮೇಲೆ ಮಾತ್ರ. ಇನ್ನು ನಿನ್ನೆ ರಾತ್ರಿಯ ಮೀನುಸಾರು ಪುಳಿಮುಂಚಿಗೆ ಇವತ್ತು ಬೆಳಿಗ್ಗೆ ನೀರ್‌ದೋಸೆಯ ಪಕ್ಕದಲ್ಲಿ ಸಿಗುವ ಮರ್ಯಾದೆ ಎಲ್ಲರಿಗೂ ಗೊತ್ತಿರುವುದೇ. ತಾಜಾ ತಾಜಾ ಎಂದು ಎದೆ ಬಡಿದುಕೊಳ್ಳುವ ಈ ಜನ, ರುಚಿಯ ವಿಷಯ ಬಂದಾಗ ಗುಟ್ಟಾಗಿ ಕಾಯುವವರೇ.

ನನ್ನ ವಾದವೂ ಅಷ್ಟೇ. ಒಳ್ಳೆಯ ಮೀನಿನ ಡಬ್ಬಿ ಎಂದರೆ ಗ್ಯಾಸು ಮುಗಿದ ದಿನ ಹಾಸ್ಟೆಲ್ ಹುಡುಗರು ತಿನ್ನುವ ಆಪದ್ಧರ್ಮವಲ್ಲ. ಅದು ಮಿಡಿ ಉಪ್ಪಿನಕಾಯಿಯ ಭರಣಿ ಇದ್ದ ಹಾಗೆ, ಹಾಕಿದವರ ಕೈಗುಣದ ಜೊತೆಗೆ ಕಾದ ತಿಂಗಳುಗಳ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ಇದು ನಾನು ಹುಟ್ಟಿಸಿದ ಮಾತಲ್ಲ. ಫ್ರಾನ್ಸಿನ ಬ್ರಿಟನಿ ಕಡೆಯ ಸಾರ್ಡೀನ್ ಡಬ್ಬಿಗಳಲ್ಲಿ ಮೀನು ಹಿಡಿದ ವರ್ಷವನ್ನೇ ಹೆಮ್ಮೆಯಿಂದ ಅಚ್ಚುಹಾಕುವ ಪದ್ಧತಿಯುಂಟು. ಕೊಂಡವರು ಅದನ್ನು ಕಪಾಟಿನಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಮಗುಚಿ ಹಾಕುತ್ತಾರೆ, ಎಣ್ಣೆ ಎಲ್ಲ ಕಡೆಗೂ ಇಳಿಯಲಿ ಎಂದು. ವರ್ಷ ಕಳೆದ ಹಾಗೆ ಮುಳ್ಳು ಕರಗಿ, ಮಾಂಸ ಮೆತ್ತಗಾಗಿ, ಎಣ್ಣೆಗೂ ಮೀನಿಗೂ ಭೇದ ಉಳಿಯುವುದಿಲ್ಲ. ಅತ್ತೆಗೆ ಇದನ್ನು ಹೇಳಿದೆ. "ಮೀನಿಗೆ ಮಗ್ಗುಲು ಬದಲಿಸುವುದಾ! ಇಲ್ಲಿ ಹಾಸಿಗೆ ಹಿಡಿದ ಮುದುಕರಿಗೆ ಮಗ್ಗುಲು ಬದಲಿಸಲಿಕ್ಕೆ ಜನ ಇಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಡುಗೆಮನೆಯಲ್ಲಿ ಪ್ರಯೋಗ ಮಾಡುವವರಿಗೆ ಕುಲದೇವರು ಬೇಕಾದರೆ ನಿಕೊಲಾ ಅಪೇರ್ ಎಂಬ ಫ್ರೆಂಚ್ ಮಿಠಾಯಿಗಾರನನ್ನು ಇಟ್ಟುಕೊಳ್ಳಬಹುದು. ಆಹಾರವನ್ನು ಗಾಜಿನ ಸೀಸೆಗೆ ತುಂಬಿ, ಬಿರಡೆ ಬಿಗಿದು, ನೀರಿನಲ್ಲಿ ಕುದಿಸಿಟ್ಟರೆ ಕೆಡುವುದಿಲ್ಲವೆಂದು ಆತ ವರ್ಷಗಟ್ಟಲೆ ಮಾಡಿ ಮಾಡಿಯೇ ಕಂಡುಕೊಂಡ. 1810ರಲ್ಲಿ ಫ್ರೆಂಚ್ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಯಾಕೆ ಕೆಡುವುದಿಲ್ಲ ಎಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ, ತೆಗೆದುಕೊಂಡವನಿಗೂ ತಿಳಿದಿರಲಿಲ್ಲ. ಲೂಯಿ ಪ್ಯಾಶ್ಚರ್ ಬಂದು ಸೂಕ್ಷ್ಮಜೀವಿಗಳ ಕಥೆ ಬಿಡಿಸಿ ಹೇಳುವಾಗ ಅರ್ಧ ಶತಮಾನ ಸರಿದಿತ್ತು. ಅದೇ 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದ. ಡಬ್ಬಿಯನ್ನು ಭದ್ರವಾಗಿ ಮುಚ್ಚುವುದು ಹೇಗೆಂದು ಯೋಚಿಸಿದವರು ತೆರೆಯುವುದು ಹೇಗೆಂದು ಯೋಚಿಸಲಿಲ್ಲ. ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಸಿಗುವಾಗ 1850ರ ದಶಕ ಬಂತು. ಅಲ್ಲಿಯವರೆಗೆ ಉಳಿ ಮತ್ತು ಸುತ್ತಿಗೆಯೇ ಗತಿ. ಊಟಕ್ಕೆ ಕೂರುವ ಮೊದಲು ಬಡಗಿಯನ್ನು ಕರೆಯಬೇಕಾದ ಕಾಲ ಅದು.

ಈಗ ಪೋರ್ಚುಗಲ್ಲಿನ ವಿಷಯಕ್ಕೆ ಬರೋಣ, ಡಬ್ಬಿ ಮೀನಿನ ಸಂಸಾರದಲ್ಲಿ ಅವರು ಮೇಲಿನ ಸಾಲಿನವರು. ಅಲ್ಲಿಯ ರಾಮಿರೆಜ್ ಕಂಪನಿ 1853ರದ್ದು, ಇಂದಿಗೂ ನಡೆಯುತ್ತಿದೆ. ಪೋರ್ಟೊ ಪಕ್ಕದ ಮಾತೊಸಿನ್ಯೋಸ್ ಎಂಬ ಬಂದರು ಊರಿನಲ್ಲಿ 1920ರಲ್ಲಿ ಶುರುವಾದ ಪಿನ್ಯಾಯಿಸ್ ಕಾರ್ಖಾನೆಯಲ್ಲಿ ಇಂದಿಗೂ ಹೆಂಗಸರು ಸಾಲಾಗಿ ನಿಂತು, ಕತ್ತರಿ ಹಿಡಿದು, ಮೀನಿನ ಬಾಲವನ್ನು ಡಬ್ಬಿಯ ಅಳತೆಗೆ ಕತ್ತರಿಸಿ ಕೈಯಿಂದಲೇ ಜೋಡಿಸುತ್ತಾರೆ. ಅವರ 'ನೂರಿ' ಎಂಬ ಡಬ್ಬಿಯ ಮುಚ್ಚಳ ಎಳೆದರೆ ಮೊದಲು ಕಾಣುವುದು ಮೀನಲ್ಲ, ಎಣ್ಣೆಯಲ್ಲಿ ಮುಳುಗಿದ ಸಣ್ಣದೊಂದು ಕೆಂಪು ಮೆಣಸು. ಅದರ ಪಕ್ಕ ಒಂದು ಲವಂಗ, ಒಂದು ಕ್ಯಾರೆಟ್ ಬಿಲ್ಲೆ, ಉಪ್ಪಿನಕಾಯಿ ಹಾಕಿದ ಸೌತೆಯ ಚೂರು, ಒಂದು ತುಂಡು ಬೇ ಎಲೆ. ಅವುಗಳನ್ನು ಸರಿಸಿದರೆ ಬೆಳ್ಳಿಯ ಮೈ ಚೂರೂ ಸುಲಿಯದ ನಾಲ್ಕೈದು ಸಾರ್ಡೀನುಗಳು. ಚಮಚದ ಅಂಚು ತಾಗಿಸಿದರೆ ಸಾಕು, ಬೆನ್ನಿನ ಮುಳ್ಳೂ ಸೇರಿ ಎರಡು ಹೋಳಾಗುತ್ತದೆ. ಮುಳ್ಳನ್ನು ತೆಗೆಯಬೇಡಿ, ಅದು ಬಾಯಲ್ಲಿ ಪುಡಿಯಾಗುತ್ತದೆ, ಕ್ಯಾಲ್ಸಿಯಂ ಇರುವುದೂ ಅದರಲ್ಲೇ.

ಆ ಕೆಂಪು ಮೆಣಸನ್ನು ನೋಡಿದಾಗ ನನಗೆ ನಗು ಬರುತ್ತದೆ. ಅಮೆರಿಕ ಖಂಡದ ಮೆಣಸನ್ನು ನಮ್ಮ ದಂಡೆಗೆ ತಂದಿಳಿಸಿದವರು ಇದೇ ಪೋರ್ಚುಗೀಸರು. ನಾವು ಅದನ್ನು ತೆಗೆದುಕೊಂಡು ಪುಳಿಮುಂಚಿಗೆ ಮುಷ್ಟಿ ಮುಷ್ಟಿ ಸುರಿದೆವು. ಅವರೋ ಒಂದು ಡಬ್ಬಿಗೆ ಒಂದೇ ಎಂದು ಎಣಿಸಿ ಇಡುತ್ತಿದ್ದಾರೆ. ಕೊಟ್ಟವರಿಗಿಂತ ತೆಗೆದುಕೊಂಡವರ ಕೈ ದೊಡ್ಡದು.

ಹಾಗೆಂದು ಪೋರ್ಚುಗೀಸರೆಲ್ಲ ಸಾಚಾ ಎಂದುಕೊಳ್ಳಬೇಡಿ. ಲಿಸ್ಬನ್ನಿನಲ್ಲಿ ಸರ್ಕಸ್ಸಿನ ಡೇರೆಯ ಹಾಗೆ ಬಣ್ಣ ಬಳಿದ ಸಾರ್ಡೀನ್ ಅಂಗಡಿಗಳಿವೆ. ಗೋಡೆಯ ತುಂಬ ಡಬ್ಬಿಗಳು, ಒಂದೊಂದರ ಮೇಲೆ ಒಂದೊಂದು ಇಸವಿ. ಪ್ರವಾಸಿಗರು ತಮ್ಮ ಹುಟ್ಟಿದ ವರ್ಷದ ಡಬ್ಬಿ ಹುಡುಕಿ ಫೋಟೊ ಹೊಡೆಸಿಕೊಂಡು ಖುಷಿಯಾಗಿ ಹಣ ಕೊಡುತ್ತಾರೆ. ಇಸವಿ ಇರುವುದು ಹೊದಿಕೆಯ ಮೇಲೆ ಮಾತ್ರ, ಒಳಗಿನ ಮೀನು ಮೊನ್ನೆ ಮೊನ್ನೆಯದ್ದು. 1965ರಲ್ಲಿ ಹುಟ್ಟಿದವರು ಅಷ್ಟೇ ವಯಸ್ಸಿನ ಮೀನು ತಿಂದೆವೆಂದು ಬೀಗಿದರೆ ಅದು ಮೀನಿನ ತಪ್ಪಲ್ಲ.

ಈ ಡಬ್ಬಿಯೊಳಗಿನ ಸಾರ್ಡೀನಿಗೂ ನಮ್ಮ ಬೂತಾಯಿಗೂ ದಾಯಾದಿ ಸಂಬಂಧ. ದಾಯಾದಿಗಳಲ್ಲಿ ಒಬ್ಬ ಸೂಟು ಹಾಕಿ ವಿಮಾನ ಹತ್ತಿದ, ಇನ್ನೊಬ್ಬ ಊರಿನಲ್ಲೇ ಉಳಿದ. ಊರಿನಲ್ಲಿ ಉಳಿದವನಿಗೆ ಸಿಕ್ಕ ಮರ್ಯಾದೆ ಎಂಥದ್ದು? ರಾಶಿ ರಾಶಿ ಸಿಕ್ಕ ವರ್ಷ ತೆಂಗಿನ ಬುಡಕ್ಕೆ ಗೊಬ್ಬರ. ಈಗ ಮಲ್ಪೆ, ಉಳ್ಳಾಲದ ಕಡೆ ಮೀನುಹುಡಿ ಮಾಡುವ ಕಾರ್ಖಾನೆಗಳಿವೆ, ಹೆಚ್ಚಾದದ್ದು ಅಲ್ಲಿಗೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಐಸಿಎಸ್ ಅಧಿಕಾರಿ, ಪ್ರಾಂತ್ಯದ ಮೀನುಗಾರಿಕೆ ಇಲಾಖೆಯನ್ನು ಕಟ್ಟಿದವರು, ಮಲಬಾರಿನ ಬೇಪೂರಿನ ಹತ್ತಿರ ಮೀನನ್ನು ಡಬ್ಬಿಗೆ ಹಾಕುವ ಪ್ರಯೋಗ ಮಾಡಿಸಿದ್ದರು. ಆ ಕೆಲಸ ನಮ್ಮ ದಂಡೆಯಲ್ಲಿ ಪೋರ್ಚುಗಲ್ಲಿನ ಹಾಗೆ ಊರಿನ ಹೆಮ್ಮೆಯಾಗಿ ಬೆಳೆಯಲಿಲ್ಲ. ಬೆಳೆದಿದ್ದರೆ ಇವತ್ತು ಅವರ 125 ಗ್ರಾಮಿನ ಡಬ್ಬಿಗೆ ಐನೂರು, ಆರುನೂರು ರೂಪಾಯಿ ಕೊಟ್ಟು, ಅದರಲ್ಲಿ ಎಣ್ಣೆ ಬಸಿದ ಮೀನು ಸುಮಾರು 90 ಗ್ರಾಂ ಎಂದು ತಿಳಿದು, ನಾವು ಹೊಟ್ಟೆ ಉರಿಸಿಕೊಳ್ಳಬೇಕಾಗಿರಲಿಲ್ಲ.

ಬೆಂಗಳೂರಿನಲ್ಲಿ ಈ ಡಬ್ಬಿಗಳಿಗೆ ಈಗ ಹೊಸ ಭಕ್ತರು ಹುಟ್ಟಿದ್ದಾರೆ. ಇವರನ್ನು ನಾನು ಹಲಗೆ ಪಂಥದವರು ಎನ್ನುತ್ತೇನೆ. ಇಂದಿರಾನಗರದ ಗೆಳೆಯನೊಬ್ಬ ಊಟಕ್ಕೆ ಕರೆದಿದ್ದ. ಮೇಜಿನ ಮೇಲೆ ಮರದ ಹಲಗೆ, ಅದರ ನಡುವೆ ತೆರೆದ ಒಂದು ಡಬ್ಬಿ, ಸುತ್ತ ಹತ್ತಾರು ಉಪ್ಪು ಬಿಸ್ಕತ್ತು, ಆರು ಆಲಿವ್, ಯಾವುದೋ ಸೊಪ್ಪಿನ ನಾಲ್ಕು ಎಸಳು. ನಾವು ಏಳು ಮಂದಿ, ಡಬ್ಬಿಯಲ್ಲಿ ಐದು ಮೀನು. ಗೆಳೆಯ ಮೀನು ಹಿಡಿದ ಸಮುದ್ರದ ಬಗ್ಗೆ, ಎಣ್ಣೆ ಹಿಂಡಿದ ಊರಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಒಬ್ಬೊಬ್ಬರೂ ಎದ್ದು ನಿಂತು ಫೋಟೊ ತೆಗೆದರು. ಆಮೇಲೆ ಬಿರಿಯಾನಿಗೆ ಫೋನು ಮಾಡಿದರು. ನಗುವುದು ಸುಲಭ, ಆದರೆ ಒಂದು ಮಾತು ಗೆಳೆಯನ ಪರವಾಗಿ ಹೇಳಲೇಬೇಕು. ಆತ ಆ ಮೀನನ್ನು ಒಲೆಗೆ ತೋರಿಸಲಿಲ್ಲ.

ಒಲೆಗೆ ತೋರಿಸಿದವರು ನಮ್ಮ ಭಾವ. ಅವರಿಗೆ ಮಸಾಲೆ ಕುದಿಯದೆ ಅಡುಗೆಯೆನಿಸುವುದಿಲ್ಲ. ಕೊತ್ತಂಬರಿ, ಮೆಂತೆ, ಹುಣಸೆ ಎಲ್ಲ ಹಾಕಿ ಪುಳಿಮುಂಚಿ ಮಸಾಲೆ ಅರೆದು, ಕೊತಕೊತ ಕುದಿಯುವಾಗ ಒಳ್ಳೆಯ ಸಾರ್ಡೀನ್ ಡಬ್ಬಿಯೊಂದನ್ನು ಬಗ್ಗಿಸಿ, ಸೌಟಿನಿಂದ ಒಂದು ಸುತ್ತು ತಿರುಗಿಸಿದರು. ಆಮೇಲೆ ಮೀನು ಹುಡುಕಲು ಟಾರ್ಚು ಬೇಕಾಯಿತು. ಡಬ್ಬಿಯ ಮೀನು ಕಾರ್ಖಾನೆಯಲ್ಲಿ ಒಮ್ಮೆ ಆವಿಯಲ್ಲೋ ಎಣ್ಣೆಯಲ್ಲೋ ಬೆಂದು, ಮುಚ್ಚಳ ಬಿದ್ದಮೇಲೆ ದೊಡ್ಡ ಕುಕ್ಕರಿನಂಥ ಯಂತ್ರದೊಳಗೆ ಇನ್ನೊಮ್ಮೆ ಬೆಂದು ಬಂದಿರುತ್ತದೆ. ಮೂರನೆಯ ಸಲ ಬೇಯಿಸಿದರೆ ಅದು ಇನ್ನೇನು ಮಾಡಬೇಕು ಪಾಪ. ಪುಳಿಮುಂಚಿಯೇ ಬೇಕೆಂಬ ಹಟವಿದ್ದರೆ ಮಸಾಲೆಯನ್ನು ಗಟ್ಟಿಯಾಗಿ ಕುದಿಸಿ ಮುಗಿಸಿ, ಒಲೆ ಆರಿಸಿ, ಮೀನನ್ನು ಮೇಲೆ ಮಲಗಿಸಿ ಮುಚ್ಚಿಡಿ. ಸೌಟನ್ನು ಬೇರೆ ಕೋಣೆಯಲ್ಲಿಡಿ.

ನನ್ನ ಪ್ರಯೋಗಗಳಲ್ಲಿ ಮನೆಯವರೆಲ್ಲ ಒಪ್ಪಿದ್ದು ಚಟ್ನಿ. ಒಣ ಸಿಗಡಿ ಚಟ್ನಿಯ ದಾರಿಯನ್ನೇ ಹಿಡಿದದ್ದು. ಬ್ಯಾಡಗಿ ಮೆಣಸು ಆರೇಳನ್ನು ಒಂದು ಹನಿ ತೆಂಗಿನೆಣ್ಣೆಯಲ್ಲಿ ಗರಿಗರಿ ಹುರಿಯಿರಿ. ಅರ್ಧ ಕಡಿ ತೆಂಗಿನತುರಿ, ಗೋಲಿ ಗಾತ್ರದ ಹುಣಸೆ, ಬೆಳ್ಳುಳ್ಳಿಯ ಎರಡು ಎಸಳು ಸೇರಿಸಿ, ನೀರು ಸೋಕಿಸದೆ ತರಿತರಿಯಾಗಿ ಅರೆಯಿರಿ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಕೈಯಲ್ಲೇ ಹಿಸುಕಿ ಬೆರೆಸಿ. ಉಪ್ಪು ಹಾಕುವ ಮೊದಲು ನಾಲಗೆಗೆ ಹಚ್ಚಿ ನೋಡಿ, ಡಬ್ಬಿಯಲ್ಲಿ ಉಪ್ಪು ಮೊದಲೇ ಉಂಟು. ಎಲ್ಲ ಆದಮೇಲೆ ಸಾರ್ಡೀನನ್ನು ದೊಡ್ಡ ದೊಡ್ಡ ಹೋಳು ಮಾಡಿ ಸೇರಿಸಿ, ಡಬ್ಬಿಯ ಎಣ್ಣೆ ಒಂದು ಚಮಚ ಮೇಲಿನಿಂದ ಬಿಡಿ. ಕುಚ್ಚಲಕ್ಕಿ ಗಂಜಿ ಬಿಸಿಯಾಗಿರಬೇಕು, ಚಟ್ನಿ ತಣ್ಣಗಿರಬೇಕು. ಅತ್ತೆ ಮೊದಲು ಬೆರಳ ತುದಿಗೆ ಮುಟ್ಟಿಸಿ ನೋಡಿದರು, ಆಮೇಲೆ ಬಟ್ಟಲನ್ನೇ ತಮ್ಮ ಕಡೆಗೆ ಎಳೆದುಕೊಂಡರು. "ಪರವಾಗಿಲ್ಲ, ಬಿಳಿಯರಿಗೆ ಉಪ್ಪು ಹಾಕುವುದಾದರೂ ಗೊತ್ತುಂಟು" ಎಂಬ ಪ್ರಶಸ್ತಿಪತ್ರವೂ ಸಿಕ್ಕಿತು.

ಎಣ್ಣೆಯ ಮಾತು ಬಂತಲ್ಲ. ಡಬ್ಬಿಯ ಹಿಂದೆ ಬರೆದದ್ದನ್ನು ಕನ್ನಡಕ ಹಾಕಿ ಓದಿ. ಮೀನು, ಆಲಿವ್ ಎಣ್ಣೆ, ಉಪ್ಪು ಎಂದಿಷ್ಟೇ ಇದ್ದರೆ ಆ ಎಣ್ಣೆಯನ್ನು ಚೆಲ್ಲುವುದು ಪಾಪ. ಮೀನಿನ ರಸವೆಲ್ಲ ಅದಕ್ಕಿಳಿದಿರುತ್ತದೆ. ಹಸಿಮೆಣಸು, ನಿಂಬೆರಸದ ಜೊತೆ ನೀರ್‌ದೋಸೆಗೆ ಸವರಿ ತಿನ್ನಬಹುದು. ಯಾವುದೋ ಅಗ್ಗದ ಎಣ್ಣೆಯಾದರೆ ಯೋಚನೆಯಿಲ್ಲದೆ ಬಸಿಯಿರಿ. ಟ್ಯೂನಾ ಮೀನನ್ನು ಹೆಸರುಬೇಳೆ ಕೋಸಂಬರಿಗೆ ಬೆರೆಸಿದರೆ ಬಹಳ ಚೆನ್ನಾಗಿರುತ್ತದೆ. ರಾಮನವಮಿಯ ದಿನ ಮಾತ್ರ ಮಾಡಲು ಹೋಗಬೇಡಿ.

ಹಬ್ಬದ ದಿನ ಬಿಡಿ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ವರ್ಷದ ಎಲ್ಲ ದಿನವೂ ರಾಮನವಮಿಯೇ. "ನೀವು ಪ್ಯೂರ್ ವೆಜ್ಜಾ?" ಎಂದು ಓನರು ಮುಂಗಡಕ್ಕಿಂತ ಮೊದಲೇ ಕೇಳುತ್ತಾರೆ. ಬಂಗುಡೆ ಹುರಿದರೆ ಬಾಣಲೆ ಬಿಸಿಯಾಗುವ ಮೊದಲೇ ಮೂರನೇ ಮಹಡಿಯ ಕಿಟಕಿ ದಢಾರೆಂದು ಮುಚ್ಚಿಕೊಳ್ಳುತ್ತದೆ. ಡಬ್ಬಿ ಮೀನಿಗೆ ಆ ತಾಪತ್ರಯವಿಲ್ಲ. ಹುರಿಯುವುದಿಲ್ಲ, ಹೊಗೆಯಿಲ್ಲ. ಪರಊರಿನಲ್ಲಿ ಕೆಲಸಕ್ಕಿರುವ ಎಷ್ಟೋ ಕರಾವಳಿಯ ಹುಡುಗರು ಸಂಸಾರ ಮತ್ತು ಅಗ್ರಿಮೆಂಟ್ ಎರಡನ್ನೂ ಉಳಿಸಿಕೊಂಡಿರುವುದು ಈ ದಾರಿಯಲ್ಲೇ.

ಆಂಚೋವಿ ಎಂಬ ಪುಟ್ಟ ಮೀನಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ನಮ್ಮ ಬೊಳೆಂಜೀರಿನ ಬಳಗದ್ದು. ಸ್ಪೇನಿನ ಕಾಂಟಾಬ್ರಿಯಾದ ಸಾಂಟೋನ್ಯ ಊರಿನದ್ದಕ್ಕೆ ದೊಡ್ಡ ಹೆಸರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಟಲಿಯಿಂದ ವಲಸೆ ಬಂದವರು ಅಲ್ಲಿ ಆ ಕಸುಬನ್ನು ಬೆಳೆಸಿದರು. ಮೀನನ್ನು ಉಪ್ಪಿನಲ್ಲಿ ಪದರ ಪದರವಾಗಿ ತಿಂಗಳುಗಟ್ಟಲೆ ಹೂತಿಟ್ಟು, ಆಮೇಲೆ ಹೆಂಗಸರು ಒಂದೊಂದನ್ನೇ ಉಜ್ಜಿ, ಮುಳ್ಳು ಬಿಡಿಸಿ, ಎಣ್ಣೆಗೆ ಹಾಕುತ್ತಾರೆ. ಇದನ್ನು ಡಬ್ಬಿಗೆ ಹಾಕಿದಮೇಲೆ ಬೇಯಿಸುವುದಿಲ್ಲ, ಆದ್ದರಿಂದ ಇದರ ಜಾಗ ಕಪಾಟಲ್ಲ, ಫ್ರಿಜ್ಜು. ಎರಡು ಎಳೆಯನ್ನು ಬೆಳ್ಳುಳ್ಳಿಯ ಜೊತೆ ಬೆಚ್ಚಗಿನ ಎಣ್ಣೆಗೆ ಹಾಕಿದರೆ ತಾನಾಗಿಯೇ ಕರಗಿ ಮಾಯವಾಗುತ್ತದೆ. ಆ ಒಗ್ಗರಣೆಯನ್ನು ಹರಿವೆ ಪಲ್ಯಕ್ಕೆ ಕೊಟ್ಟು ನೋಡಿ. ತಿಂದವರು ಇದಕ್ಕೆ ಏನು ಹಾಕಿದೆ ಎಂದು ಕೇಳುತ್ತಾರೆ. ಸಸ್ಯಾಹಾರಿ ನೆಂಟರಿದ್ದರೆ ಕೇಳುವ ಮೊದಲೇ ಹೇಳಿಬಿಡಿ, ನೆಂಟಸ್ತಿಕೆ ಉಳಿಯಲಿ.

ಇಷ್ಟು ಕೇಳಿದಮೇಲೆ ಉತ್ಸಾಹಿಗಳಿಗೆ ಅನ್ನಿಸುವುದು ಒಂದೇ. ನಾವೇ ಮನೆಯಲ್ಲಿ ಡಬ್ಬಿ ತುಂಬಿದರೆ ಏನು? ತುಂಬಬೇಡಿ. ಗಾಳಿಯಿಲ್ಲದ ಎಣ್ಣೆಯೊಳಗೆ ಸುಖವಾಗಿ ಬೆಳೆದು ಬಾಟ್ಯುಲಿಸಮ್ ಎಂಬ ಮಾರಕ ವಿಷಬಾಧೆ ಉಂಟುಮಾಡುವ ಸೂಕ್ಷ್ಮಜೀವಿಯೊಂದಿದೆ, ಅದರ ಬೀಜಾಣು ಕುದಿಯುವ ನೀರಿನ 100 ಡಿಗ್ರಿಗೆ ಸಾಯುವುದಿಲ್ಲ. ಕಾರ್ಖಾನೆಗಳಲ್ಲಿ 121 ಡಿಗ್ರಿಯ ಆಸುಪಾಸಿನಲ್ಲಿ ಲೆಕ್ಕವಿಟ್ಟು ಬೇಯಿಸುತ್ತಾರೆ. ನಮ್ಮ ಲೆಕ್ಕವೆಲ್ಲ ಸೀಟಿಯಲ್ಲಿ ತಾನೆ? ಅದೂ ಧಾರಾವಾಹಿ ನೋಡುತ್ತ ಎಣಿಸಿದ ಸೀಟಿ. ಫಿಲಿಪೀನ್ಸಿನ ಡಿಪೊಲೊಗ್ ಊರಿನವರು ಸ್ಪ್ಯಾನಿಷ್ ಶೈಲಿಯ ಬಾಟಲಿ ಸಾರ್ಡೀನಿಗೆ ಹೆಸರಾದವರು. ಡಬ್ಬಿ ತುಂಬದೆಯೇ ಆ ರುಚಿಯನ್ನು ಕುಕ್ಕರಿನಲ್ಲಿ ಹಿಡಿಯಬಹುದು. ಶುಚಿಮಾಡಿದ ಬೂತಾಯಿಯನ್ನು ಒತ್ತೊತ್ತಾಗಿ ಜೋಡಿಸಿ, ಉಪ್ಪು, ಕಾಳುಮೆಣಸು, ಒಂದೆರಡು ಒಣಮೆಣಸು, ಪುನರ್ಪುಳಿ ಸಿಪ್ಪೆ, ಸ್ವಲ್ಪ ನೀರು, ಮುಳುಗುವಷ್ಟಲ್ಲದಿದ್ದರೂ ಧಾರಾಳ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಬಿಡಿ. ಮುಳ್ಳು ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನದಲ್ಲಿ ತಿಂದು ಮುಗಿಸಿ. ಎರಡು ವರ್ಷ ಕಾಯುವ ಕೆಲಸ ಬ್ರಿಟನಿಯವರಿಗಿರಲಿ.

ಹೊರದೇಶದ ಬೆಲೆ ಕೇಳಿ ಎದೆ ಹಿಡಿದುಕೊಂಡವರಿಗೆ ನಮ್ಮ ಪಕ್ಕದಲ್ಲೇ ಒಂದು ಸಮಾಧಾನವುಂಟು. ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ 1969ರಿಂದಲೂ ಟ್ಯೂನಾ ಡಬ್ಬಿ ಮಾಡುವ ಸರ್ಕಾರಿ ಕಾರ್ಖಾನೆಯಿದೆ. ಅಲ್ಲಿಯವರು ಬಲೆ ಬೀಸದೆ, ಗಾಳದ ಕೋಲಿನಲ್ಲಿ ಒಂದೊಂದೇ ಮೀನು ಎತ್ತುವವರು. ಆ ದ್ವೀಪಗಳಿಗೆ ಅಕ್ಕಿ, ತರಕಾರಿ, ಸಿಮೆಂಟು ಹೋಗುವುದು ಮಂಗಳೂರಿನ ಹಳೇ ಬಂದರಿನಿಂದ. ಆ ಸರಕು ಒಯ್ಯುವ ಮಂಜಿ ಹಡಗಿನವರ ಪರಿಚಯ ಇದ್ದರೆ ಕೇಳಿ ನೋಡಿ. ಡಬ್ಬಿಯ ಮೇಲೆ ಅಲಂಕಾರವೇನೂ ಇರುವುದಿಲ್ಲ, ಒಳಗಿನ ಮೀನು ಗಟ್ಟಿ.

ಡಬ್ಬಿ ಎಲ್ಲಿಯದ್ದಾದರೂ ಸರಿ, ಉಬ್ಬಿದ್ದನ್ನು ಮೂಸಿ ಕೂಡ ನೋಡದೆ ಎಸೆಯಿರಿ. ತೆರೆದು ಉಳಿದದ್ದನ್ನು ಗಾಜಿನ ಬಟ್ಟಲಿಗೆ ಹಾಕಿಡಿ. ಖಾಲಿ ಡಬ್ಬಿಯನ್ನು ಸೋಪು ಹಾಕಿ ತೊಳೆದು, ಹರಿತವಾದ ಮುಚ್ಚಳವನ್ನು ಒಳಕ್ಕೆ ಮಡಚಿಯೇ ಒಣಕಸಕ್ಕೆ ಕೊಡಿ. ತೊಳೆಯದೆ ಹಾಕಿದರೆ ಬೀದಿಯ ಬೆಕ್ಕಿನ ನಾಲಗೆ ಕುಯ್ಯುತ್ತದೆ, ಮಡಚದೆ ಹಾಕಿದರೆ ಕಸ ಒಯ್ಯುವವರ ಕೈ ಕುಯ್ಯುತ್ತದೆ.